ಎಣಿಸುವ ಪೆಟ್ಟಿಗೆಗೆ ಯಾಕೆ ಬೀಗದಕೈ

ರಾತ್ರಿ ಎರಡೂವರೆ. ವಾಡೆನ್ ಕಡಲಿಗೆ ಉಬ್ಬರ.
ಫ್ರೀಸ್‌ಲ್ಯಾಂಡಿನ ಈ ದಂಡೆಯಲ್ಲಿ ನೆಲವೇ ತಗ್ಗು, ನೀರೇ ಎತ್ತರ;
ನಡುವೆ ಒಡ್ಡು, ಒಡ್ಡಿನಲ್ಲಿ ಏಳು ತೂಬು,
ತೂಬುಗಳ ಮೇಲೊಂದು ಕೋಣೆ,
ಕೋಣೆಯಲ್ಲಿ ನಾನು, ಆರಿದ ಕಾಫಿ,
ಕಪ್ಪು ಪರದೆಯ ಮೇಲೆ ಕಣ್ಣು ಮಿಟುಕಿಸುವ ಗೆರೆ.

ಚಿತ್ರವಿಲ್ಲ, ಗುಂಡಿಯಿಲ್ಲ, ಮೌಸಿಗೆ ಕೆಲಸವಿಲ್ಲ.
ಕೇಳುವುದನ್ನು ಅಕ್ಷರ ಬಿಡದೆ ಟೈಪು ಮಾಡಬೇಕು;
ಒಂದು ಚುಕ್ಕಿ ತಪ್ಪಿದರೂ ಅದಕ್ಕೆ ನನ್ನ ಪರಿಚಯವೇ ಇಲ್ಲ.

ಸೋಮವಾರ ತನಿಖೆಯವರು ಬರುತ್ತಾರಂತೆ.
ಅಷ್ಟರಲ್ಲಿ ಇನ್ನೂರ ಹದಿನಾಲ್ಕು ಸಾಧನಗಳಲ್ಲಿ
ಯಾವುದಕ್ಕೆ ಏನು ಮಾಡುವ ಹಕ್ಕು, ಓದಿ ಮುಗಿಸಬೇಕು.

ಮಳೆಮಾಪಕ: ಹೇಳಬಹುದು, ಕೇಳುವಂತಿಲ್ಲ.
ಮೂರನೇ ಪಂಪು: ಕೇಳಬಹುದು, ತನ್ನ ಹೆಸರಿಗೆ ಬಂದ ಮಾತಷ್ಟೇ.
ಒಡ್ಡಿನ ಹೊಟ್ಟೆಯೊಳಗೆ ತೇವ ಅಳೆಯುವ ನಲವತ್ತು ಮುಳ್ಳು:
ಗಂಟೆಗೊಂದು ಸಂಖ್ಯೆ, ಆಮೇಲೆ ಬಾಯಿ ಮುಚ್ಚಿಕೊಂಡಿರತಕ್ಕದ್ದು.
ಬಿಡು, ತಡೆ. ಇಲ್ಲಿ ಕ್ರಿಯಾಪದ ಎರಡೇ.
ಜಲಮಂಡಳಿಯ ಸಭೆಗಳೂ ಹೀಗಿದ್ದರೆ
ಎಷ್ಟು ಬೇಗ ಮನೆ ಸೇರಬಹುದಿತ್ತು.

ನೂರ ಎಪ್ಪತ್ತೊಂದನೆಯದು ಹಾವುಮೀನಿನ ಪೆಟ್ಟಿಗೆ.
ಆರು ವರ್ಷದ ಹಿಂದೆ ಗ್ರೋನಿಂಗನ್‌ನಿಂದ ಬಂದ ಹುಡುಗಿ,
ಯಿಲ್ದೌ ಎಂದು ಹೆಸರು, ಕೆಂಪು ಬೂಟು,
ಮೂರೇ ತಿಂಗಳ ಸಂಶೋಧನೆ ಎಂದು ನಾಲ್ಕನೇ ತೂಬಿನ ಪಕ್ಕ ಕೂರಿಸಿ ಹೋದದ್ದು.
ವಸಂತದ ಉಬ್ಬರದಲ್ಲಿ ಒಳಗೆ ನುಸುಳುವ
ಗಾಜಿನಂಥ ಮರಿಗಳನ್ನು ಎಣಿಸುವುದು ಅದರ ಕಸುಬು.
ಅದರ ಅಧಿಕಾರಪತ್ರ ತೆರೆದರೆ
ಯಾವ ಕೆಲಸ ಎಂಬಲ್ಲಿ ಒಂದು ನಕ್ಷತ್ರ,
ಯಾವ ಜಾಗ ಎಂಬಲ್ಲಿ ಇನ್ನೊಂದು.
ಕೀಲಿಮಣೆಯಲ್ಲಿ ಎಂಟರ ತಲೆಯ ಮೇಲೆ ಕೂತಿರುತ್ತಲ್ಲ, ಆ ಪುಟ್ಟ ನಕ್ಷತ್ರ.
ಅಂದರೆ: ಏನನ್ನಾದರೂ, ಎಲ್ಲಿಯಾದರೂ.

ನಂಬದೆ ಪರೀಕ್ಷೆಯ ಆಜ್ಞೆ ಬರೆದೆ:
ಈ ಪೆಟ್ಟಿಗೆ ಕಡಲಬಾಗಿಲಿಗೆ ತೆರೆ ಎನ್ನಬಹುದೇ?
ಒಂದು ಉಸಿರು. ಉತ್ತರ: ಅನ್ನಬಹುದು.
ಏಳೂ ಬಾಗಿಲಿಗೆ?
ಅನ್ನಬಹುದು.

ಊನೆಗೆ ಫೋನು ಹಚ್ಚಿದೆ. ನಿದ್ದೆಗಣ್ಣಲ್ಲೇ ಎತ್ತಿದ.
"ಅದಾ? ಅವತ್ತು ಏನು ಮಾಡಿದರೂ ಹತ್ತಿಕೊಳ್ಳಲಿಲ್ಲ,
ಶುಕ್ರವಾರ ಬೇರೆ. ಸದ್ಯಕ್ಕಿರಲಿ ಅಂತ ಹಾಕಿದ್ದು."
ಆರು ವರ್ಷದ ಸದ್ಯ!
ಹನ್ನೊಂದು ಹಳ್ಳಿ, ಒಂದು ಶಾಲೆ, ಗಿಣ್ಣದ ಕಾರ್ಖಾನೆ,
ನನ್ನ ತಂಗಿ ಸಾಲ ಮಾಡಿ ಹಾಸಿದ ಮರದ ನೆಲ,
ಎಲ್ಲವೂ ಆ ಸದ್ಯದ ಮೇಲೆ ಮಲಗಿದ್ದವು.

ದಾಖಲೆ ಕೆದಕಿದೆ. ಎರಡು ಸಾವಿರಕ್ಕೂ ಮಿಕ್ಕಿದ ರಾತ್ರಿಗಳಲ್ಲಿ
ಪೆಟ್ಟಿಗೆ ಆಡಿದ ಮಾತು:
ಸೊನ್ನೆ. ಸೊನ್ನೆ. ಎರಡು. ಸೊನ್ನೆ. ಒಂದು.
ಕಡಲಿನ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು
ಮೀನಿನ ಲೆಕ್ಕ ಬಿಟ್ಟು ಬೇರೇನೂ ಆಡಿಲ್ಲ.
ಸಾಧು ಎನ್ನಲೇ? ಸಾಧುವೇನಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ;
ಮೊದಲು ಕೇಳುವವನು ಕಳ್ಳನೇ ಆಗಿದ್ದರೆ?

ಹೊಸ ಪತ್ರ ಬರೆದೆ. ಒಂದೇ ಕೆಲಸ: ಹೇಳು.
ಒಂದೇ ಜಾಗ: ನಾಲ್ಕನೇ ತೂಬು, ಹಾವುಮೀನು.
ಹಳೆಯದನ್ನು ಕಿತ್ತುಹಾಕುವ ಮುಂಚೆ
ಬೆರಳು ಒಂದು ಗಳಿಗೆ ನಿಂತಿತು, ಯಾಕೋ.
ಮತ್ತೆ ಕೇಳಿದೆ: ಕಡಲಬಾಗಿಲು?
ಈ ಸಲದ ಉತ್ತರವೇ ಬೇರೆ ಬಗೆ:
ಬೇಡ ಎಂದು ಯಾರೂ ಬರೆದಿಲ್ಲ,
ಆಗಲಿ ಎಂದೂ ಯಾರೂ ಬರೆದಿಲ್ಲ,
ಆದ್ದರಿಂದ ಇಲ್ಲ.

ಎರಡು ಸಲ ಓದಿದೆ.
ಮನುಷ್ಯರ ನಡುವೆ ನಾವು ಇದನ್ನು ಮೌನ ಎನ್ನುತ್ತೇವೆ;
ಅರ್ಧಕ್ಕರ್ಧ ಜನ ಅದನ್ನೇ ಸಮ್ಮತಿ ಎಂದುಕೊಂಡು
ಚಪ್ಪಲಿ ಕೂಡ ಬಿಡದೆ ಒಳಗೆ ಬರುತ್ತಾರೆ.

ಮೂರು ನಲವತ್ತು. ಉಬ್ಬರ ತಿರುಗುತ್ತಿದೆ.
ಹಕ್ಕು ಕಳೆದುಕೊಂಡ ಪೆಟ್ಟಿಗೆ ಪರದೆಯ ಮೂಲೆಯಲ್ಲಿ
ಮೊದಲಿನಷ್ಟೇ ತಣ್ಣಗೆ ಹೇಳಿತು:
ಒಂದು.

ನೂರ ಎಪ್ಪತ್ತೆರಡನೆಯದು,
ಒಡ್ಡಿನ ಮೇಲೆ ಕುರಿಗಳ ಗೇಟು.